ಮೇಜಿನ ಸುತ್ತ ಒಂದು ಕಥೆ: ಪಾತ್ರದ ಆಟದ ಗುಂಪನ್ನು ನಡೆಸುವುದು ಹೇಗೆ?



ನಮ್ಮ ವಾರದ ಸಭೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹಾಜರಿ ಆಯ್ತು, ಉಳಿತಾಯ ಕಟ್ಟಿ ಆಯ್ತು, ಸಾಲದ ಕಂತು ಬರೆದು ಆಯ್ತು. ಆಮೇಲೆ ಪ್ರತಿನಿಧಿಯವರು "ಯಾರಿಗಾದ್ರೂ ಏನಾದ್ರೂ ಹೇಳ್ಲಿಕ್ಕೆ ಉಂಟಾ?" ಅಂತ ಕೇಳ್ತಾರೆ. ಇಬ್ಬರು ಮಾತಾಡ್ತಾರೆ. ಯಾವಾಗಲೂ ಅದೇ ಇಬ್ಬರು. ಉಳಿದವರು ಗಡಿಯಾರ ನೋಡ್ತಾರೆ, ಮನೆಯಲ್ಲಿ ಬಾಕಿ ಇರುವ ಕೆಲಸ ನೆನೆಸಿಕೊಳ್ತಾರೆ. ಹತ್ತು ವರ್ಷ ಸಂಘದಲ್ಲಿದ್ದು ಒಂದು ದಿನವೂ ಸಭೆಯಲ್ಲಿ ಬಾಯಿ ಬಿಡದ ಸದಸ್ಯೆಯರು ನಮ್ಮಲ್ಲಿ ಇದ್ದಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತ ಅಲ್ಲ. ಹೇಳಿ ಅಭ್ಯಾಸ ಇಲ್ಲ.

ಇದೇ ಸದಸ್ಯೆಯರು ತರಬೇತಿಯಲ್ಲಿ ರೋಲ್ ಪ್ಲೇ ಮಾಡುವುದನ್ನು ನೋಡಿದ್ದೀರಾ? ಬ್ಯಾಂಕ್ ಮ್ಯಾನೇಜರ್ ಪಾತ್ರ ಕೊಟ್ಟರೆ ಸಾಕು. ಕುರ್ಚಿಯಲ್ಲಿ ನೆಟ್ಟಗೆ ಕೂತು, "ಏನಮ್ಮ, ಕಾಗದಪತ್ರ ಎಲ್ಲ ಸರಿ ಉಂಟಾ?" ಅಂತ ಗದರಿಸ್ತಾರೆ. ಎಲ್ಲರೂ ನಗ್ತಾರೆ. ಆ ಧ್ವನಿ ಎಲ್ಲಿಂದ ಬಂತು? ತನ್ನ ಹೆಸರಿನಲ್ಲಿ ಮಾತಾಡಲು ಹೆದರುವವಳು ಬೇರೆಯವಳ ಹೆಸರಿನಲ್ಲಿ ಧೈರ್ಯವಾಗಿ ಮಾತಾಡ್ತಾಳೆ. ಒಮ್ಮೆ ಗಟ್ಟಿಯಾಗಿ ಹೊರಗೆ ಬಂದ ಸ್ವರ ಅವಳದ್ದೇ ಆಗಿ ಉಳಿಯಬಹುದು.

ಈ ಒಂದು ವಿಷಯದ ಮೇಲೆಯೇ ಕಟ್ಟಿದ ಆಟ ಲೋಕದಲ್ಲಿ ಇದೆ. ಅದನ್ನು ಆಡುವವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ವರ್ಷಗಟ್ಟಲೆ ಗುಂಪನ್ನು ಬಿಡದೆ ನಡೆಸ್ತಾರೆ. ಆಟ ಏನು, ಗುಂಪನ್ನು ಹೇಗೆ ನಡೆಸ್ತಾರೆ, ನಮ್ಮ ಸಂಘದಲ್ಲಿ ತಿಂಗಳಿಗೊಮ್ಮೆ ಹೇಗೆ ಆಡಬಹುದು ಎಂಬುದೇ ಈ ಸಲದ ಪಾಠ.

1. ಇದು ಎಂಥ ಆಟ?

ಇದಕ್ಕೆ ಇಂಗ್ಲಿಷಿನಲ್ಲಿ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅಂತ ಹೆಸರು. ನಾವು ಸುಲಭವಾಗಿ "ಪಾತ್ರದ ಆಟ" ಅನ್ನೋಣ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಚಾಪೆಯ ಮೇಲೆ ಕೂತರೂ ಆಗುತ್ತದೆ. ಒಬ್ಬರು ಕಥೆ ನಡೆಸುವವರು. ಉಳಿದ ಪ್ರತಿಯೊಬ್ಬರೂ ಕಥೆಯೊಳಗಿನ ಒಂದೊಂದು ಪಾತ್ರ. ಕಥೆ ನಡೆಸುವವರು "ಹೀಗಾಯ್ತು, ಈಗ ಏನು ಮಾಡ್ತೀರಿ?" ಅಂತ ಕೇಳ್ತಾರೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಅಂತ ಹೇಳ್ತಾರೆ. ಕೆಲಸ ಕಷ್ಟದ್ದಾದರೆ ದಾಳ ಹಾಕಿ, ಆಯಿತೋ ಇಲ್ಲವೋ ಅಂತ ನೋಡ್ತಾರೆ.

ಕರಾವಳಿ, ಮಲೆನಾಡಿನವರಿಗೆ ಇದು ತೀರಾ ಹೊಸತು ಅನ್ನಿಸಲಿಕ್ಕಿಲ್ಲ. ತಾಳಮದ್ದಲೆ ನೋಡಿದ್ದೀರಲ್ಲ? ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕರ್ಣನಾಗಿ ಮಾತಾಡ್ತಾರೆ. ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಎದುರಿನವರು ಏನು ಹೇಳಿದರೋ ಅದಕ್ಕೆ ಆಗಲೇ ಉತ್ತರ ಹುಟ್ಟಬೇಕು. ಪಾತ್ರದ ಆಟವೂ ಹಾಗೆಯೇ. ಎರಡು ವ್ಯತ್ಯಾಸ ಮಾತ್ರ. ತಾಳಮದ್ದಲೆಯ ಕಥೆ ಎಲ್ಲಿ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೇಳುವವರು ಎದುರಿಗೆ ಬೇರೆಯೇ ಕೂತಿರುತ್ತಾರೆ, ಇಲ್ಲಿ ಆಡುವವರೇ ಕೇಳುವವರು.

ಇನ್ನೊಂದು ಮುಖ್ಯ ಮಾತು. ಈ ಆಟದಲ್ಲಿ ಗೆದ್ದವರು, ಸೋತವರು ಅಂತ ಇಲ್ಲ. ಹಣ ಇಡುವುದೂ ಇಲ್ಲ. ಎಲ್ಲರೂ ಒಂದೇ ಕಡೆ. ಕಥೆಯಲ್ಲಿ ಬಂದ ಕಷ್ಟವನ್ನು ಒಟ್ಟಿಗೆ ದಾಟುವುದೇ ಆಟ.

2. ಎಲ್ಲಿಂದ ಬಂತು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬವರಿದ್ದರು. ವಿಮಾ ಕಂಪನಿಯ ಕೆಲಸ 1970ರಲ್ಲಿ ಹೋದ ಮೇಲೆ ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ನಡೆಸುತ್ತಿದ್ದರು. ಪಕ್ಕದ ಮಿನೆಸೋಟಾ ರಾಜ್ಯದ ಡೇವ್ ಆರ್ನೆಸನ್ ಎಂಬ ಯುವಕ ತನ್ನ ಗೆಳೆಯರ ಜೊತೆ ಒಂದು ಹೊಸ ಬಗೆಯ ಆಟ ಆಡುತ್ತಿದ್ದರು. ಅದಕ್ಕಿಂತ ಮೊದಲಿನ ಯುದ್ಧದ ಆಟಗಳಲ್ಲಿ ಒಬ್ಬರು ಇಡೀ ಸೈನ್ಯವನ್ನು ನಡೆಸುತ್ತಿದ್ದರು. ಆರ್ನೆಸನ್ ಆಟದಲ್ಲಿ ಒಬ್ಬರಿಗೆ ಒಂದೇ ಪಾತ್ರ. ಗೈಗ್ಯಾಕ್ಸ್ ಅದನ್ನು ನೋಡಿದರು, ನಿಯಮ ಬರೆದರು, ತನ್ನ ಮಗ, ಮಗಳನ್ನೇ ಕೂರಿಸಿ ಆಡಿಸಿ ನೋಡಿದರು. 1974ರಲ್ಲಿ ಇಬ್ಬರ ಹೆಸರಿನಲ್ಲಿ "ಡಂಜನ್ಸ್ ಅಂಡ್ ಡ್ರ್ಯಾಗನ್ಸ್" ಎಂಬ ಆಟ ಹೊರಬಂತು. ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಕ. ಮೊದಲು ಅಚ್ಚಾದದ್ದು 1000 ಪ್ರತಿ ಮಾತ್ರ. ಪೆಟ್ಟಿಗೆ ತುಂಬಿಸಿದ್ದು ಮನೆಯಲ್ಲೇ, ಕೈಯಿಂದಲೇ. ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಪ್ಯಾಕ್ ಮಾಡಿ ಮಾರುವ ನಮ್ಮವರಿಗೆ ಆ ಶ್ರಮ ಏನು ಅಂತ ಹೇಳಿ ಕೊಡಬೇಕಾಗಿಲ್ಲ.

ಆ ಆಟಕ್ಕೆ 2024ರಲ್ಲಿ ಐವತ್ತು ವರ್ಷ ತುಂಬಿತು. ಅದರಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣಗಳಿಗೆ ಅಂಕ ಇರುತ್ತದೆ: ದೇಹಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ದಾಳಗಳೂ ಬೇರೆ ಬೇರೆ ಬಗೆ. ಮುಖ್ಯ ದಾಳಕ್ಕೆ ಇಪ್ಪತ್ತು ಮುಖ. ನಮ್ಮ ದೊಡ್ಡ ನಗರಗಳಲ್ಲೂ ಇದನ್ನು ಆಡುವ ಯುವಜನರಿದ್ದಾರೆ. ನಿಮ್ಮ ಮಗ ಅಥವಾ ಮಗಳು ಬೆಂಗಳೂರಿನ ಹಾಸ್ಟೆಲಿನಿಂದ ಫೋನ್ ಮಾಡಿ "ಅಮ್ಮಾ, ಇವತ್ತು ಗೇಮ್ ಉಂಟು" ಅಂದರೆ ಅದು ಇದೇ ಆಟ ಆಗಿರಲೂಬಹುದು.

ತಾಯಂದಿರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಆಟದ ಪುಸ್ತಕಗಳಲ್ಲಿ ಮಾಟ, ಮಂತ್ರ, ದೆವ್ವ, ರಾಕ್ಷಸರ ಕಥೆ ಬರುತ್ತದೆ. ಹಾಗಾಗಿ 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಹೆತ್ತವರು ಇದಕ್ಕೆ ಹೆದರಿದರು. 1982ರಲ್ಲಿ ಆತ್ಮಹತ್ಯೆಯಿಂದ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಆಟವೇ ಕಾರಣ ಎಂದು ನಂಬಿ, ಅದರ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಮುಂದೆ ತಜ್ಞರು ಪರಿಶೀಲಿಸಿದಾಗ ಆಟದಿಂದ ಆತ್ಮಹತ್ಯೆ ಆಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆ ತಾಯಿಯ ದುಃಖವನ್ನು ನಾವು ಹಗುರವಾಗಿ ನೋಡಬಾರದು. ಆದರೆ ಪಾಠ ಇಷ್ಟು: ಮಕ್ಕಳು ಏನು ಆಡ್ತಾರೆ ಅಂತ ಹೊರಗಿಂದ ಹೆದರುವುದಕ್ಕಿಂತ ಒಂದು ದಿನ ಪಕ್ಕದಲ್ಲಿ ಕೂತು ನೋಡುವುದು ಒಳ್ಳೆಯದು. ನಮ್ಮ ಸಂಘದಲ್ಲಿ ಆಡುವಾಗ ಮಾಟ, ಮಂತ್ರ ಬೇಕೆಂದೇ ಇಲ್ಲ. ಕಥೆ ನಮ್ಮದೇ ಊರಿನದ್ದಾಗಬಹುದು.

3. ಗುಂಪು ನಿಲ್ಲಬೇಕಾದರೆ ಐದು ಸೂತ್ರ

ಸಂಘದ ಪಂಚಸೂತ್ರ ನಮಗೆ ಬಾಯಿಪಾಠ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಪುಸ್ತಕ ನಿರ್ವಹಣೆ. ಆಟದ ಗುಂಪಿಗೂ ಐದು ಸೂತ್ರ ಬೇಕು. ಅಷ್ಟು ಚಂದದ ಆಟ ಇದ್ದರೂ ಗುಂಪುಗಳು ಒಡೆಯುವುದು ಈ ಐದರಲ್ಲಿ ಒಂದು ತಪ್ಪಿದಾಗಲೇ.

ಒಂದು, ದಿನ ಮೊದಲೇ ನಿಗದಿ. "ಎಲ್ಲರಿಗೂ ಯಾವಾಗ ಪುರುಸೊತ್ತು ನೋಡಿ ಹೇಳಿ" ಅಂದರೆ ಆ ದಿನ ಬರುವುದೇ ಇಲ್ಲ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ 3 ಗಂಟೆ, ಹೀಗೆ ಒಂದು ದಿನ ಗಟ್ಟಿ ಮಾಡಿ. ವಿದೇಶದ ಮನೆಗಳಲ್ಲಿ ಒಂದು ಆಟ ಮೂರು, ನಾಲ್ಕು ಗಂಟೆ ನಡೆಯುವುದುಂಟು. ನಮಗೆ ಎರಡು ಗಂಟೆ ಸಾಕು. ಮುಗಿಸುವ ಸಮಯವನ್ನೂ ಮೊದಲೇ ಹೇಳಿ. ಐದು ಗಂಟೆಗೆ ಮುಗಿಯುತ್ತದೆ ಅಂತ ಗೊತ್ತಿದ್ದರೆ ಮನೆಯವರಿಗೂ ತಕರಾರು ಕಡಿಮೆ.

ಎರಡು, ಗುಂಪು ಸಣ್ಣದು. ಕಥೆ ನಡೆಸುವವಳು ಒಬ್ಬಳು, ಆಡುವವರು ನಾಲ್ಕು, ಹೆಚ್ಚೆಂದರೆ ಐದು. ಹದಿನೈದು ಜನರ ಸಂಘವಾದರೆ ಮೂರು ಗುಂಪು ಮಾಡಿ. ಏಳೆಂಟು ಜನ ಒಟ್ಟಿಗೆ ಕೂತರೆ ಮತ್ತೆ ಅದೇ ಇಬ್ಬರು ಮಾತಾಡ್ತಾರೆ.

ಮೂರು, ಬಂದವರಿಂದ ಆಟ. ಒಬ್ಬಳಿಗೆ ಜ್ವರ, ಒಬ್ಬಳಿಗೆ ನೆಂಟರು ಅಂತ ಆಟ ಮುಂದೂಡಿದರೆ ಮುಂದಿನ ಸಲವೂ ಮುಂದೂಡಬೇಕಾಗುತ್ತದೆ. ಆಡುವವರು ಮೂವರು ಬಂದರೆ ಆಟ ನಡೆಯಲೇಬೇಕು. ಬಾರದವಳ ಪಾತ್ರ "ತವರಿಗೆ ಹೋಗಿದೆ" ಅನ್ನಿ. ಮುಂದಿನ ಸಲ ಬಂದು ಸೇರಿಕೊಳ್ಳಲಿ. ಬಾರದ್ದಕ್ಕೆ ದಂಡ ಹಾಕಬೇಡಿ. ಇದು ಉಳಿತಾಯದ ಸಭೆ ಅಲ್ಲ.

ನಾಲ್ಕು, ಭಾರ ಹಂಚಿಕೆ. ಇದು ಎಲ್ಲಕ್ಕಿಂತ ಮುಖ್ಯ. ಮನೆ ಒಬ್ಬಳದ್ದು, ಚಾ ಅವಳದ್ದು, ಕಥೆ ಅವಳದ್ದು, ಎಲ್ಲರಿಗೂ ಫೋನ್ ಮಾಡುವುದೂ ಅವಳೇ ಆದರೆ ಆರು ತಿಂಗಳಲ್ಲಿ ಅವಳಿಗೆ ಸಾಕಾಗುತ್ತದೆ. ಅವಳು ಕೈ ಬಿಟ್ಟ ದಿನ ಗುಂಪು ಮುಗಿಯಿತು. ಆದ್ದರಿಂದ ಕಥೆ ನಡೆಸುವವಳ ಮನೆಯಲ್ಲೇ ಆಟ ಇಡಬೇಡಿ. ಮನೆ ಒಬ್ಬಳದ್ದು, ಅವಲಕ್ಕಿ, ಚಾ ಇನ್ನೊಬ್ಬಳದ್ದು, ನೆನಪಿಸುವುದು ಮತ್ತೊಬ್ಬಳದ್ದು. ಪಾತ್ರೆ ತೊಳೆಯುವುದು ಎಲ್ಲರದ್ದು. ಕಥೆ ನಡೆಸುವ ಕೆಲಸವನ್ನೂ ಮೂರು ತಿಂಗಳಿಗೊಮ್ಮೆ ಬದಲಾಯಿಸಿ.

ಐದು, ಕಥೆಯ ಪುಸ್ತಕ. ನಡಾವಳಿ ಪುಸ್ತಕದ ಹಾಗೆ ಒಂದು ನೋಟ್ ಪುಸ್ತಕ ಇಡಿ. ಆಟ ಮುಗಿದ ಮೇಲೆ ಐದಾರು ಸಾಲು ಸಾಕು: ಯಾರು ಬಂದಿದ್ದರು, ಕಥೆಯಲ್ಲಿ ಏನಾಯಿತು, ಎಲ್ಲಿಗೆ ನಿಂತಿತು. ಮುಂದಿನ ಸಲ ಅದನ್ನು ಓದಿಯೇ ಆರಂಭಿಸಿ. ಟಿ.ವಿ. ಧಾರಾವಾಹಿ ಶುರುವಾಗುವಾಗ ಹಿಂದಿನ ಕಥೆ ತೋರಿಸುವುದಿಲ್ಲವೇ, ಹಾಗೆ. ಓದುವ ಕೆಲಸವನ್ನು ಕಡಿಮೆ ಮಾತಾಡುವ ಸದಸ್ಯೆಗೆ ಕೊಡಿ. ಓದು ಬಾರದವಳಾದರೆ ನೆನಪಿನಿಂದ ಹೇಳಲಿ. ಹೆಚ್ಚಾಗಿ ಅವರೇ ಚಂದ ಹೇಳ್ತಾರೆ.

4. ಮೊದಲ ದಿನ ಆಡಬೇಡಿ, ಮಾತಾಡಿ

ಅನುಭವ ಇದ್ದ ಗುಂಪುಗಳು ಮೊದಲ ದಿನ ಆಟವನ್ನೇ ಆಡುವುದಿಲ್ಲ. ಅದನ್ನು "ಸೊನ್ನೆಯ ದಿನ" ಅಂತ ಕರೀತಾರೆ. ಅವತ್ತು ಮೂರು ವಿಷಯ ಮಾತಾಡಿ.

ಅ) ಎಂಥ ಕಥೆ ಬೇಕು? ನಗುವಂಥದ್ದಾ, ಸಾಹಸದ್ದಾ, ಊರಿನ ಸಮಸ್ಯೆಯದ್ದಾ? ಒಂದೇ ದಿನಕ್ಕೆ ಮುಗಿಯುವುದಾ, ತಿಂಗಳು ತಿಂಗಳು ಮುಂದುವರಿಯುವುದಾ? ಹೊಸಬರಿಗೆ ಒಂದೇ ದಿನದ ಕಥೆ ಒಳ್ಳೆಯದು.

ಆ) ಯಾರು ಯಾವ ಪಾತ್ರ? ನಿಜ ಜೀವನದಲ್ಲಿ ತಾವು ಏನಲ್ಲವೋ ಅದನ್ನು ಆರಿಸಲಿ. ಮೆತ್ತಗಿನವಳು ಜೀಪ್ ಓಡಿಸುವವಳಾಗಲಿ, ಅತ್ತೆಗೆ ಹೆದರುವ ಸೊಸೆ ಪಂಚಾಯತ್ ಅಧ್ಯಕ್ಷೆಯಾಗಲಿ.

ಇ) ಯಾವ ವಿಷಯ ಬೇಡ? ಇದನ್ನು ಮರೆಯಬೇಡಿ. ಒಬ್ಬ ಸದಸ್ಯೆ ಮಗುವನ್ನು ಕಳೆದುಕೊಂಡಿರಬಹುದು. ಒಬ್ಬಳ ಮನೆಯಲ್ಲಿ ಕುಡಿತ, ಹೊಡೆತ ಇರಬಹುದು. ಕಥೆಯಲ್ಲಿ ಅದು ಹಠಾತ್ತಾಗಿ ಬಂದರೆ ಅವಳಿಗೆ ಅದು ಆಟ ಅಲ್ಲ. ಇದಕ್ಕೆ ಅಮೆರಿಕದ ಜಾನ್ ಸ್ಟಾವ್ರೊಪೌಲೋಸ್ ಎಂಬವರು ಒಂದು ಸರಳ ಉಪಾಯ ಮಾಡಿದ್ದಾರೆ. ಒಂದು ರಟ್ಟಿನ ತುಂಡಿನ ಮೇಲೆ ದೊಡ್ಡದಾಗಿ ಒಂದು ತಪ್ಪು ಗುರುತು ಬರೆದು ಮಧ್ಯದಲ್ಲಿ ಇಡುವುದು. ಕಥೆಯಲ್ಲಿ ಬಂದ ವಿಷಯ ಬೇಡ ಅನ್ನಿಸಿದರೆ ಯಾರೇ ಆಗಲಿ ಅದನ್ನು ಮುಟ್ಟಿದರೆ ಸಾಕು. ಆ ಭಾಗ ಅಲ್ಲಿಗೇ ಬಿಟ್ಟು ಕಥೆ ಬೇರೆ ಕಡೆ ತಿರುಗುತ್ತದೆ. "ಯಾಕೆ?" ಅಂತ ಯಾರೂ ಕೇಳಬಾರದು. ಕಾರಣ ಹೇಳದೆ "ಬೇಡ" ಅನ್ನುವ ಹಕ್ಕು ನಮ್ಮಲ್ಲಿ ಎಷ್ಟು ಹೆಂಗಸರಿಗೆ ಎಷ್ಟು ಸಲ ಸಿಕ್ಕಿದೆ? ಒಂದು ರಟ್ಟಿನ ತುಂಡಿನಿಂದ ಅದು ಸಿಗುವುದಾದರೆ ಅದೇ ದೊಡ್ಡ ಪಾಠ.

5. ಎರಡು ದಾಳದ ಸರಳ ನಿಯಮ

ದೊಡ್ಡ ಪುಸ್ತಕ, ಇಪ್ಪತ್ತು ಮುಖದ ದಾಳ ನಮಗೆ ಬೇಡ. 2010ರಲ್ಲಿ ವಿನ್ಸೆಂಟ್ ಬೇಕರ್ ಮತ್ತು ಮೆಗ್ವೀ ಬೇಕರ್ ಎಂಬ ದಂಪತಿ "ಅಪೋಕ್ಯಾಲಿಪ್ಸ್ ವರ್ಲ್ಡ್" ಎಂಬ ಆಟ ಹೊರತಂದರು. ಅದರ ನಿಯಮಕ್ಕೆ ಎರಡು ಸಾಮಾನ್ಯ ದಾಳ ಸಾಕು. ಲೂಡೋದ ದಾಳ ಆಗುತ್ತದೆ. ನಮಗೆ ಬೇಕಾದಷ್ಟನ್ನು ಅದರಿಂದ ತೆಗೆದುಕೊಳ್ಳೋಣ.

ಪ್ರತಿ ಪಾತ್ರಕ್ಕೆ ನಾಲ್ಕು ಗುಣ: ಮಾತು, ಕೈಕೆಲಸ, ಧೈರ್ಯ, ತಿಳಿವಳಿಕೆ. ಒಂದಕ್ಕೆ 2 ಅಂಕ, ಒಂದಕ್ಕೆ 1, ಒಂದಕ್ಕೆ 0, ಇನ್ನೊಂದರಲ್ಲಿ 1 ಕಡಿಮೆ. ಯಾವುದಕ್ಕೆ ಎಷ್ಟು ಅಂತ ಆಡುವವಳೇ ಹೇಳಲಿ. ಎಲ್ಲದರಲ್ಲೂ ಗಟ್ಟಿ ಇರುವ ಪಾತ್ರ ಇಲ್ಲ. ಆದ್ದರಿಂದ ಒಬ್ಬರಿಗೊಬ್ಬರು ಬೇಕೇ ಬೇಕು. ಬರೆಯಲು ಬಾರದವರು ಬಾಯಿ, ಕೈ, ಹೃದಯ, ಕಣ್ಣು ಅಂತ ನಾಲ್ಕು ಚಿತ್ರ ಬಿಡಿಸಿ ಪಕ್ಕದಲ್ಲಿ ಹುಣಸೆ ಬೀಜ ಇಡಲಿ.

ಕಷ್ಟದ ಕೆಲಸ ಬಂದಾಗ ಎರಡು ದಾಳ ಹಾಕಿ ಕೂಡಿಸಿ. ಆ ಕೆಲಸಕ್ಕೆ ಬೇಕಾದ ಗುಣದ ಅಂಕವನ್ನು ಸೇರಿಸಿ.

10 ಅಥವಾ ಹೆಚ್ಚು ಬಂದರೆ: ಕೆಲಸ ಚೆನ್ನಾಗಿ ಆಯಿತು.
7ರಿಂದ 9 ಬಂದರೆ: ಕೆಲಸ ಆಯಿತು, ಆದರೆ ಏನೋ ಒಂದು ಬೆಲೆ ಕೊಡಬೇಕು.
6 ಅಥವಾ ಕಡಿಮೆ ಬಂದರೆ: ಹೊಸ ತೊಂದರೆ ಬಂತು. ಏನು ಅಂತ ಕಥೆ ನಡೆಸುವವಳು ಹೇಳುತ್ತಾಳೆ.

ಲೆಕ್ಕ ಇಷ್ಟವಿದ್ದವರಿಗೆ ಒಂದು ಮಾತು. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಅಂಕ 0 ಇದ್ದರೆ ಅದರಲ್ಲಿ 6 ಪೂರ್ತಿ ಗೆಲುವು, 15 ಅರ್ಧ ಗೆಲುವು, 15 ತೊಂದರೆ. ಅಂಕ 2 ಇದ್ದರೆ 15 ಪೂರ್ತಿ ಗೆಲುವು, 15 ಅರ್ಧ ಗೆಲುವು, ತೊಂದರೆ 6 ಮಾತ್ರ. ಅಂದರೆ ಬಲ ಇದ್ದವಳನ್ನು ಮುಂದೆ ಕಳಿಸಿದರೆ ಲಾಭ. ಆದರೂ ತೊಂದರೆ ಪೂರ್ತಿ ತಪ್ಪುವುದಿಲ್ಲ. ಜೀವನವೂ ಹಾಗೆ ಅಲ್ವಾ?

6. ಒಂದು ಮಾದರಿ

ಕಥೆಯ ಹೆಸರು "ಹೊಳೆ ದಾಟುವ ರಾತ್ರಿ". ಪಾತ್ರಗಳು: ಆಶಾ ಕಾರ್ಯಕರ್ತೆ, ಮೀನು ಮಾರುವ ಬಾಯಿಜೋರಿನ ಹೆಂಗಸು, ಅಂಗಡಿಯ ಅಜ್ಜಿ, ಪಿಯುಸಿ ಓದುವ ಹುಡುಗಿ. ಹುಡುಗಿಯ ಪಾತ್ರವನ್ನು ಸಭೆಯಲ್ಲಿ ಎಂದೂ ಮಾತಾಡದ ಸದಸ್ಯೆಗೆ ಕೊಟ್ಟಿದೆ ಅಂತ ಇಟ್ಟುಕೊಳ್ಳಿ.

ಕಥೆ ನಡೆಸುವವಳು: ರಾತ್ರಿ ಒಂಬತ್ತು ಗಂಟೆ. ಮಳೆ ಬಿಟ್ಟಿಲ್ಲ. ಕಾಲುಸಂಕದ ಮೇಲೆ ನೀರು ಹರೀತಾ ಉಂಟು. ಹೊಳೆಯಾಚೆ ಮನೆಯಲ್ಲಿ ಹೆರಿಗೆ ನೋವು ಶುರುವಾಗಿದೆ. 108 ಗಾಡಿ ಈಚೆ ಟಾರು ರಸ್ತೆಯ ತನಕ ಬಂದು ನಿಂತಿದೆ. ದೋಣಿ ಇರುವುದು ಒಬ್ಬನ ಹತ್ತಿರ ಮಾತ್ರ. ಅವನು ಬಾಗಿಲು ಅರ್ಧ ತೆರೆದು, "ಈ ನೀರಿಗೆ ದೋಣಿ ಇಳಿಸ್ಲಿಕ್ಕೆ ಆಗುದಿಲ್ಲ" ಅಂತಾನೆ. ಏನು ಮಾಡ್ತೀರಿ?

ಆಶಾ ಕಾರ್ಯಕರ್ತೆ: ನಾನು ಮಾತಾಡ್ತೇನೆ. ಅಣ್ಣಾ, ನಿಮ್ಮ ಹೆಂಡತಿಯ ಹೆರಿಗೆಗೂ ನಾನೇ ಓಡಿ ಬಂದದ್ದು, ನೆನಪುಂಟಾ?

(ದಾಳದಲ್ಲಿ 3 ಮತ್ತು 2. ಮಾತಿನ ಅಂಕ 2. ಒಟ್ಟು 7.)

ಕಥೆ ನಡೆಸುವವಳು: ಏಳು. ಅವನು ಒಪ್ಪಿದ, ಆದರೆ ಒಂದು ಷರತ್ತು. ದೋಣಿ ಒಡೆದರೆ ನಿಮ್ಮ ಸಂಘದವರು ದುಡ್ಡು ಕೊಡಬೇಕಂತೆ.

ಮೀನು ಮಾರುವವಳು: ಕೊಡುವ ಮಾರಾಯ್ತಿ! ಜೀವ ದೊಡ್ಡದಾ, ದುಡ್ಡು ದೊಡ್ಡದಾ?

ಅಂಗಡಿ ಅಜ್ಜಿ: ಸಂಘದ ದುಡ್ಡು ನಾವು ನಾಲ್ಕು ಜನ ಕೊಡುವುದು ಹೇಗೆ? ನಾಳೆ ಉಳಿದವರು ಕೇಳುವುದಿಲ್ವಾ?

(ಇಲ್ಲಿ ಚರ್ಚೆ ಜೋರಾಗುತ್ತದೆ. ಕಥೆ ನಡೆಸುವವಳು ಮಾತಾಡದೆ ಕೂತ ಸದಸ್ಯೆಯ ಕಡೆ ತಿರುಗುತ್ತಾಳೆ.)

ಕಥೆ ನಡೆಸುವವಳು: ಇವರೆಲ್ಲ ಜಗಳ ಮಾಡುವಾಗ ಆ ಹುಡುಗಿ ಏನು ನೋಡ್ತಾ ಇದ್ದಾಳೆ?

ಹುಡುಗಿ: ಅವಳು... ನಾನು ಅಂಗಳದಲ್ಲಿ ಹಗ್ಗ ನೋಡಿದ್ದೇನೆ. ದೋಣಿಗೆ ಹಗ್ಗ ಕಟ್ಟಿ ಈಚೆಯಿಂದ ಎಲ್ಲರೂ ಹಿಡಿದ್ರೆ ದೋಣಿ ಬಂಡೆಗೆ ಹೊಡೆಯುದಿಲ್ಲ ಅಲ್ವಾ?

(ದಾಳದಲ್ಲಿ 6 ಮತ್ತು 4. ಕೈಕೆಲಸದ ಅಂಕ 1. ಒಟ್ಟು 11.)

ಕಥೆ ನಡೆಸುವವಳು: ಹನ್ನೊಂದು! ಹಗ್ಗ ಗಟ್ಟಿ ಉಂಟು, ಗಂಟೂ ಗಟ್ಟಿ ಬಿತ್ತು. ದೋಣಿ ಆಚೆ ಮುಟ್ಟಿತು.

ಈ ಸಣ್ಣ ಆಟದಲ್ಲಿ ಏನೇನು ಆಯಿತು ನೋಡಿ. ಅರ್ಧ ಗೆಲುವು ಬಂದದ್ದರಿಂದ ಸಂಘದ ಹಣದ ಪ್ರಶ್ನೆ ಎದ್ದಿತು. ತುರ್ತಿಗೆ ಹಣ ಬೇಕಾದರೆ ನಮ್ಮ ಸಂಘದಲ್ಲಿ ಯಾರು, ಹೇಗೆ ತೀರ್ಮಾನ ಮಾಡಬೇಕು? ಮುಂದಿನ ಸಭೆಯಲ್ಲಿ ಅದನ್ನು ನಿಜವಾಗಿಯೇ ಚರ್ಚಿಸಿ ನಿರ್ಣಯ ಬರೆಯಬಹುದು. ಇನ್ನೊಂದು, "ಅವಳು" ಅಂತ ಶುರು ಮಾಡಿದ ಸದಸ್ಯೆ "ನಾನು" ಅಂತ ಮುಗಿಸಿದಳು. ಈ ಆಟದಿಂದ ನಮಗೆ ಬೇಕಾದದ್ದು ಅದೇ. ಇಲ್ಲಿ ದೋಣಿಯವನ ಎದುರು ಮಾತಾಡಿದವಳಿಗೆ ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು ಸ್ವಲ್ಪವಾದರೂ ಸುಲಭ ಆಗುತ್ತದೆ.

7. ಕಥೆ ನಡೆಸುವವಳು ಏನು ಮಾಡಬೇಕು, ಏನು ಮಾಡಬಾರದು?

ಪೂರ್ತಿ ಕಥೆ ಬರೆದುಕೊಂಡು ಬರಬೇಡಿ. ಬೇಕಾದದ್ದು ಒಂದು ಜಾಗ, ಒಂದು ಕಷ್ಟ, ಅಡ್ಡ ಬರುವ ಇಬ್ಬರು ಮನುಷ್ಯರು. ಉಳಿದದ್ದನ್ನು ಆಡುವವರೇ ಕಟ್ಟುತ್ತಾರೆ. ಅವರು ನೀವು ಎಣಿಸದ ದಾರಿ ಹಿಡಿದರೆ ತಡೆಯಬೇಡಿ. "ಹಾಗೆ ಮಾಡ್ಲಿಕ್ಕಿಲ್ಲ" ಅನ್ನುವುದಕ್ಕಿಂತ "ಸರಿ, ಆಗ ಏನಾಗುತ್ತದೆ ಗೊತ್ತಾ?" ಅನ್ನಿ.

ಸರದಿಯಂತೆ ಪ್ರತಿಯೊಬ್ಬರ ಹೆಸರು ಹಿಡಿದು ಕೇಳಿ. "ಯಾರಾದ್ರೂ ಹೇಳಿ" ಅಂದರೆ ಜೋರಿನವರೇ ಹೇಳುತ್ತಾರೆ. "ಅಕ್ಕಾ, ನಿಮ್ಮ ಅಜ್ಜಿ ಏನು ಮಾಡ್ತಾಳೆ?" ಅಂದರೆ ಉತ್ತರ ಬರಲೇಬೇಕು. ಉತ್ತರ ಬರಲು ತಡವಾದರೆ ಕಾಯಿರಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ ಏನೂ ಹಾಳಾಗುವುದಿಲ್ಲ.

ಒಬ್ಬಳು ಎಲ್ಲರ ಪಾತ್ರವನ್ನೂ ತಾನೇ ಆಡಲು ಹೊರಟರೆ ಎಲ್ಲರೆದುರು ಬೈಯಬೇಡಿ. ಅವಳ ಮಾತಿನಿಂದ ಆಟಕ್ಕೆ ಜೀವವೂ ಬರುತ್ತದೆ. ಚಾ ಕುಡಿಯುವಾಗ ಪಕ್ಕಕ್ಕೆ ಕರೆದು, "ಮುಂದಿನ ಸಲ ನೀನು ಆ ಮೌನದವಳ ಹತ್ತಿರ ಸಲಹೆ ಕೇಳುವ ಪಾತ್ರ ಮಾಡು" ಅಂತ ಕೆಲಸ ಕೊಡಿ.

ದಾಳದ ಲೆಕ್ಕದಲ್ಲಿ ತಕರಾರು ಬಂದರೆ ಎರಡು ನಿಮಿಷದಲ್ಲಿ ಒಂದು ತೀರ್ಮಾನ ಹೇಳಿ ಮುಂದೆ ಹೋಗಿ. ಸರಿಯೋ ತಪ್ಪೋ ಅಂತ ಆಟ ಮುಗಿದ ಮೇಲೆ ಮಾತಾಡಿ.

8. ಎಚ್ಚರಿಕೆಯ ಮಾತು

* ಉಳಿತಾಯ, ಸಾಲದ ಸಭೆಯ ಸಮಯದಲ್ಲಿ ಆಟ ಬೇಡ. ಲೆಕ್ಕ ಮುಗಿಸಿ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಅಥವಾ ಬೇರೆ ದಿನ ಆಡಿ.
* ಆಟದಲ್ಲಿ ಹಣ ಇಡಬೇಡಿ. ಐದು ರೂಪಾಯಿ ಆದರೂ ಬೇಡ.
* ಊರಿನ ನಿಜವಾದ ಜಗಳ, ನಿಜವಾದ ಹೆಸರು ಕಥೆಯಲ್ಲಿ ತರಬೇಡಿ. ಯಾರದ್ದೋ ಮನೆಯ ಗುಟ್ಟು ಹಾಸ್ಯದ ವಸ್ತು ಆಗಬಾರದು.
* ಪಾತ್ರದಲ್ಲಿ ಆಡಿದ ಮಾತನ್ನು ಮನೆಗೆ ಒಯ್ಯಬೇಡಿ. ಕಥೆಯ ಅತ್ತೆ ಬೈದದ್ದು ಕಥೆಯ ಸೊಸೆಗೆ. ಮುಗಿಸುವಾಗ ಪ್ರತಿಯೊಬ್ಬರೂ ತಮ್ಮ ನಿಜ ಹೆಸರು ಹೇಳಿ, ಆಟದಲ್ಲಿ ಇಷ್ಟವಾದ ಒಂದು ಸಂಗತಿ ಹೇಳಿ ಏಳಲಿ.
* ಆಡುವಾಗ ಒಬ್ಬ ಸದಸ್ಯೆ ಅತ್ತರೆ, ತನ್ನ ಮನೆಯ ಹಿಂಸೆಯ ವಿಷಯ ಹೇಳಿದರೆ ಆಟ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ದಾಳದಲ್ಲಿ ಉತ್ತರ ಇಲ್ಲ. ಅವಳ ಒಪ್ಪಿಗೆ ಕೇಳಿ ಸಂಘದ ಕಾರ್ಯಕರ್ತೆಗೆ ತಿಳಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಕಳೆದ ಮೂರು ಸಭೆಗಳಲ್ಲಿ ಯಾರು ಯಾರು ಮಾತಾಡಿದರು? ಯಾರು ಒಂದು ಮಾತೂ ಆಡಲಿಲ್ಲ?
2. ಸಂಘದ ಯಾವ ಯಾವ ಕೆಲಸವನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ? ಅದನ್ನು ಹೇಗೆ ಹಂಚಬಹುದು?
3. ಕಾರಣ ಹೇಳದೆ "ಬೇಡ" ಅನ್ನಲು ನಮ್ಮ ಮನೆಯಲ್ಲಿ, ಸಂಘದಲ್ಲಿ ಅವಕಾಶ ಇದೆಯೇ?
4. ನಿಮಗೆ ಒಂದು ದಿನಕ್ಕೆ ಬೇರೆ ಪಾತ್ರ ಕೊಟ್ಟರೆ ಯಾರಾಗಲು ಇಷ್ಟ? ಯಾಕೆ?

ಈ ತಿಂಗಳು ಮಾಡಿ ನೋಡಿ

ಎರಡು ದಾಳ, ಒಂದು ನೋಟ್ ಪುಸ್ತಕ, ತಪ್ಪು ಗುರುತಿನ ಒಂದು ರಟ್ಟು, ಒಂದು ಮುಷ್ಟಿ ಹುಣಸೆ ಬೀಜ ಸಿದ್ಧ ಮಾಡಿ. ಐದು ಜನ ಸೇರಿ ಮೊದಲು ಸೊನ್ನೆಯ ದಿನ ಮುಗಿಸಿ. ಆಮೇಲೆ "ಹೊಳೆ ದಾಟುವ ರಾತ್ರಿ" ಕಥೆಯನ್ನೇ ನಿಮ್ಮ ರೀತಿಯಲ್ಲಿ ಆಡಿ. ನಿಮ್ಮ ಊರಲ್ಲಿ ಹೊಳೆ ಇಲ್ಲದಿದ್ದರೆ ಘಾಟಿ ಇರಲಿ, ಕಾಡು ಇರಲಿ, ಕೊನೆಯ ಬಸ್ಸು ತಪ್ಪಿದ ಪೇಟೆ ಇರಲಿ. ಮನೆಯಲ್ಲಿ ದೊಡ್ಡ ಹೆಣ್ಣುಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ತಾಯಿ ಹೆದರದೆ ಮಾತಾಡುವುದನ್ನು ಮಗಳು ನೋಡಲಿ.

ಮೂರು ತಿಂಗಳು ಬಿಡದೆ ನಡೆಸಿ. ಆಮೇಲೆ ಸಂಘದ ಸಭೆಯಲ್ಲಿ ಪ್ರತಿನಿಧಿಯವರು "ಏನಾದ್ರೂ ಹೇಳ್ಲಿಕ್ಕೆ ಉಂಟಾ?" ಅಂತ ಕೇಳುವಾಗ ಮೂರನೆಯವಳೊಬ್ಬಳು ಕೈ ಎತ್ತುತ್ತಾಳಾ ನೋಡಿ. ಅವಳು ಕೈ ಎತ್ತಿದರೆ, ಗಡಿಯಾರ ನೋಡದೆ ಅವಳ ಮಾತು ಕೇಳುವುದು ನಮ್ಮೆಲ್ಲರ ಕೆಲಸ.